ಅಗಲ ಟೈರು

ನೀ ಜಳಕಕ್ಕ ಹೋದಾಗ ಟೇಪು ಹಿಡಿದು
ನಿನ್ನ ಸೈಕಲ್ಲಿನ ಅಳತಿ ತೊಗೊಂಡೆ, ಕಳ್ಳನಂಗ:
ಸೀಟಿನಿಂದ ಪೆಡಲ್ಲಿಗೆ, ಸೀಟಿನಿಂದ ಹ್ಯಾಂಡಲ್ಲಿಗೆ.
ಹೆಬ್ಬೆರಳಿನಷ್ಟು ಟೈರು. ಹೆಂಗ ನಂಬತಿ ಅದನ್ನ?

ನಾನಾ ಪೇಠದ ಅಂಗಡ್ಯಾಗ ಢಮಢೇರೆ
ಚಹಾ ಆರಿಸಿಕೋತ ಚೀಟಿ ಓದಿದರು.
ಗುಡ್ಡ ಹತ್ತೂದೊಂದು ಹೊರಗ ತಂದರು.
ಮುಂದಿನ ಫೋರ್ಕು ಒತ್ತಿ ನೋಡಿದೆ,
ಹಳೇ ಸೋಫಾದಂಗ ಉಸಿರು ಬಿಟ್ಟಿತು.
"ಹದಿನಾಲ್ಕು ಕಿಲೋ."

ನೀರಿನ ಬಾಟ್ಲಿ ಸೈತ ಅರ್ಧಾ ತುಂಬಸಾಕಿ ನೀ,
ಕಾತ್ರಜ ಘಾಟಿಗೆ ಹೊಂಟಾಗ
ಉಂಗುರ ತಗದು ನನ್ನ ಕೈಯಾಗ ಇಡಾಕಿ.
ಹದಿನಾಲ್ಕು ಕಿಲೋ ಅಂದ್ರ ನಗ್ತಿ.

ಇನ್ನೊಂದು ಇತ್ತು, ಹ್ಯಾಂಡಲ್ಲು ಬಾಗಿದ್ದು,
ನಿನ್ನ ಸೈಕಲ್ಲಿನ ತಂಗಿ ಅನ್ನಬೇಕು,
ಟೈರು ಮಾತ್ರ ನನ್ನ ಮಣಿಕಟ್ಟು.
ರೊಕ್ಕ ಕೇಳಿ ನಾನೂ ಒಂದು ಚಹಾ ಕುಡಿದೆ.
ಢಮಢೇರೆ ಕಪ್ಪು ಕೆಳಗಿಟ್ಟು ಕೇಳಿದರು:
"ಮಣ್ಣಿನ ದಾರಿ ಅವರಿಗೆ ಬೇಕಾಗೇದೋ, ನಿಮಗೋ?"

ವೇತಾಳ ಟೇಕಡಿ ಮ್ಯಾಲೆ ದಿನಾ ಒಬ್ಬನ ನಡೀತೀನಿ,
ಬಲ ಮೊಣಕಾಲು ಕಟಕಟ.
ಕಲ್ಲಿನ ಕ್ವಾರಿ ದಂಡಿಗೆ ನವಿಲು.
ನೋಡು ಅನ್ನಾಕ ತಿರುಗಿದರ
ಯಾರದೋ ನಾಯಿ.
ಆ ಹೊತ್ತಿಗೆ ನೀ ಹೆದ್ದಾರಿ ಹಿಡದು
ಖೇಡ ಶಿವಾಪುರ ದಾಟಿರತಿ.

"ನನಗ," ಅಂದೆ.
"ಹಂಗಾರ ಅವರನ್ನ ಕರಕೊಂಡ ಬರ್ರಿ.
ಕೂತವರು ಆರಸಲಿ."

ಬರಿಗೈಲೆ ಬರಾಕ ಮನಸಾಗಲಿಲ್ಲ ಸುಲಭಾ,
ಒಂದು ಹಿತ್ತಾಳಿ ಗಂಟಿ ತೊಗೊಂಡೆ,
ನೂರಾ ನಲವತ್ತು ರೂಪಾಯಿ.
ಡಾಂಬರಿಗೆ ಗಂಟಿ ಭಾರ ಅಂತಿ, ಗೊತ್ತದ.
ಆದರ ಟೇಕಡಿ ಮ್ಯಾಲೆ ಹಿಂದಿನಿಂದ ಬಂದರ
ನನಗ ಕೇಳಸಬೇಕಲ್ಲ.

ಡ್ರಾಯರಿನೊಳಗ, ನಿನ್ನ ಉಂಗುರದ ಬಾಜೂ ಇಟ್ಟೀನಿ.
ಎರಡನ್ನೂ ತೂಗಬ್ಯಾಡ.