ಬಾಟಲಿಯ ಪಹರೆ

ಇಪ್ಪತ್ತೆರಡು ವರ್ಷ ಕುದಿವ ನೀರನ್ನೇ ನೋಡಿದವನು ನಾನು.
ಶಿಡ್ಲಘಟ್ಟದ ನಮ್ಮ ಯೂನಿಟ್ಟಿನ ಬೇಸಿನ್ನಿನಲ್ಲಿ
ಗೂಡು ಬೆಂದು ಮೆತ್ತಗಾದ ಹೊತ್ತು
ಗುಳ್ಳೆಯ ಸದ್ದಿನಲ್ಲೇ ತಿಳಿಯುತ್ತೆ ನನಗೆ.
ಆದರೆ ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಯಲ್ಲಿ
ಮಂಚದ ಕೆಳಗಿದ್ದದ್ದು ಇನ್ನೊಂದು ನೀರು,
ಅದರ ಭಾಷೆ ನನಗೆ ಬರುತ್ತಿರಲಿಲ್ಲ.
ಒಂದು ಬಾಟಲಿ, ಅದರೊಳಗೊಂದು ನಳಿಗೆ,
ನಳಿಗೆಯ ಇನ್ನೊಂದು ತುದಿ
ಖುರ್ಷಿದಾಳ ಪಕ್ಕೆಲುಬುಗಳ ನಡುವೆ.

ಮೊದಲು ಉಳುಕು ಅಂದೆವು.
ಬಲಪಕ್ಕೆಗೆ ಮುಲಾಮು, ಬಿಸಿ ಉಪ್ಪಿನ ಗಂಟು.
ಕೆಮ್ಮಿದಾಗ ಬೇಸಿನ್ನಿನ ಹಬೆ ಅಂದೆವು.
ಜ್ವರಕ್ಕೆ ಮೆಡಿಕಲ್ ಶಾಪಿನ ಹುಡುಗ ಐದು ಗುಳಿಗೆ ಕೊಟ್ಟ.
ಮೂರಕ್ಕೇ ಜ್ವರ ಬಿಟ್ಟಿತು,
ಉಳಿದೆರಡು ಗಡಿಯಾರದ ಹಿಂದೆ ಸೇರಿದವು.
ಮತ್ತೆ ಬಂತು ಜ್ವರ, ರಾತ್ರಿಯ ಬೆವರನ್ನು ಜೊತೆಗೆ ಕರೆದುಕೊಂಡು.
ಉಸಿರು ಅರ್ಧಕ್ಕೇ ತುಂಡಾಗುತ್ತಿತ್ತು
ಸರಿಯಾಗಿ ಬೇಯದ ಗೂಡಿನ ಎಳೆಯ ಹಾಗೆ.

ಡಾಕ್ಟರಮ್ಮನಿಗೆ ಚಿಕ್ಕ ವಯಸ್ಸು.
ನಮ್ಮ ಕೆಲಸ ಏನೆಂದು ಕೇಳಿ, ಆಮೇಲೆ ಹೇಳಿದಳು:
"ರೇಷ್ಮೆ ಗೂಡು ಅಂದ್ಕೊಳ್ಳಿ. ಒಳಗಿನ ಹುಳ ಶ್ವಾಸಕೋಶ.
ಎರಡರ ನಡುವೆ ಕೂದಲೆಳೆಯಷ್ಟು ಜಾಗ.
ನ್ಯುಮೋನಿಯಾ ಆಗಿ ಅಲ್ಲಿಗೆ ನೀರು ಇಳಿದಿದೆ,
ಆ ನೀರು ಕೆಟ್ಟು ಕೀವಾಗಿದೆ.
ಔಷಧಿಯೊಂದೇ ಸಾಲದು, ಬಸಿಯಬೇಕು."

"ನಮ್ಮಲ್ಲಿ ಗೂಡಿನೊಳಗಿನ ಹುಳ
ಬದುಕಿ ಹೊರಗೆ ಬಂದದ್ದು ಎಲ್ಲಿದೆಯಮ್ಮಾ?"
ಖುರ್ಷಿದಾ ಕೇಳಿದಳು, ಮೆಲ್ಲಗೆ.
ಡಾಕ್ಟರಮ್ಮ ತಬ್ಬಿಬ್ಬಾದಳು.
"ಹಾಗಾದರೆ ಬಲೂನು ಅಂದ್ಕೊಳ್ಳಿ."

ಸಿರಿಂಜಿಗೆ ಬಂದದ್ದು ಹಳಸಿದ ಮಜ್ಜಿಗೆಯ ಬಣ್ಣ.
ವಾಸನೆಗೆ ನಾನು ಅಳುಕಲಿಲ್ಲ,
ಬೆಂದ ಹುಳದ ಬುಟ್ಟಿ ಹೊತ್ತ ಮೂಗು ನನ್ನದು.
ಅವಳು ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು,
ತಾನೇ ಏನೋ ತಪ್ಪು ಮಾಡಿದ ಹಾಗೆ.

ಸಿಸ್ಟರ್ ವನಜಾಕ್ಷಿ ಬಾಟಲಿಗೆ ಪ್ಲಾಸ್ಟರಿನ ಪಟ್ಟಿ ಅಂಟಿಸಿ
ಪೆನ್ನಿನಲ್ಲಿ ಗೆರೆ ಎಳೆದರು.
"ಇದನ್ನ ಎದೆಗಿಂತ ಮೇಲೆ ಎತ್ತಬಾರದು.
ಉಸಿರಾಡಿದ ಹಾಗೆ ನಳಿಗೆಯಲ್ಲಿ ನೀರು ಏರುತ್ತೆ, ಇಳಿಯುತ್ತೆ.
ನಿಂತರೆ ಕೂಗಿ."
ಏರಿತು. ಇಳಿಯಿತು. ಏರಿತು.
ಮದುವೆಯಾಗಿ ಹತ್ತೊಂಬತ್ತು ವರ್ಷ,
ಅವಳ ಉಸಿರನ್ನು ಕಣ್ಣಿಂದ ನೋಡಿದ್ದು ಅದೇ ಮೊದಲು.

ಮೂರನೇ ರಾತ್ರಿ ನಿಂತಿತು.
ಓಡಿದೆ. ಒಂದು ಚಪ್ಪಲಿ ವಾರ್ಡಿನಲ್ಲೇ ಉಳಿಯಿತು.
ಸಿಸ್ಟರ್ ಬಂದು ಅವಳನ್ನು ನೋಡಿದರು,
ನಳಿಗೆ ನೋಡಿದರು, ನನ್ನನ್ನು ನೋಡಿದರು.
ನಾನು ಕೂತಿದ್ದ ಸ್ಟೂಲಿನ ಕಾಲು ನಳಿಗೆಯ ಮೇಲಿತ್ತು.
ಪಕ್ಕದ ಮಂಚದ ಮುದುಕಿ ನಕ್ಕಳು,
ಖುರ್ಷಿದಾ ನಗಲು ಹೋಗಿ ಪಕ್ಕೆ ಹಿಡಿದುಕೊಂಡಳು.

ಐದನೇ ದಿನ ಮತ್ತೆ ನಿಂತಾಗ
ನಳಿಗೆಯ ಮೇಲೆ ಯಾರ ಕಾಲೂ ಇರಲಿಲ್ಲ.
ಸ್ಕ್ಯಾನಿನ ಪರದೆಯಲ್ಲಿ ತೋರಿಸಿದಳು ಡಾಕ್ಟರಮ್ಮ:
ಕೀವಿನೊಳಗೆ ಎಳೆ, ಎಳೆಗೆ ಎಳೆ ಸೇರಿ ಗೋಡೆ.
"ಜುಂಗು" ಎಂದೆ.
"ಹ್ಞೂಂ" ಎಂದಳು, ಏನೆಂದು ತಿಳಿಯದೆ.
ನಳಿಗೆಯೊಳಗೆ ಕರಗಿಸುವ ಮದ್ದು ಬಿಟ್ಟು
ಒಂದು ತಾಸು ಕ್ಲಿಪ್ಪು ಹಾಕಿದರು.
ಕರಗದಿದ್ದರೆ ಬೆಂಗಳೂರು, ಆಪರೇಷನ್ನು.
ಆ ತಾಸಿನಲ್ಲಿ ಮಾರುಕಟ್ಟೆಯಿಂದ ಫೋನು,
ಗೂಡಿನ ರೇಟು ಹೇಳಿದರು, ಕೇಳಿಸಿಕೊಂಡೆ.
ಎಷ್ಟೆಂದು ಇವತ್ತಿಗೂ ನೆನಪಿಲ್ಲ.
ಕ್ಲಿಪ್ಪು ಬಿಚ್ಚಿದಾಗ ಬಾಟಲಿ ಒಮ್ಮೆ ಗುಟುಕರಿಸಿತು,
ಆಮೇಲೆ ಸುರಿಯಿತು.

ಆ ಪ್ಲಾಸ್ಟರಿನ ಪಟ್ಟಿ ಕೇಳಿ ಬಿಡಿಸಿಕೊಂಡು ಬಂದೆ,
ಗೂಡಿನ ತೂಕ ಬರೆಯುವ ಪುಸ್ತಕದಲ್ಲಿ ಅಂಟಿಸಿದ್ದೇನೆ.
ನಾನೂರು. ಇನ್ನೂರೈವತ್ತು. ಅರವತ್ತು.
ಕೊನೆಗೆ ಬರೀ ಗೆರೆ.

ಗುಳಿಗೆ ಇನ್ನೂ ಮೂರು ವಾರ ಇದೆ.
ಗಡಿಯಾರದ ಹಿಂದೆ ದಿನಾ ಬೆರಳಾಡಿಸಿ ನೋಡುತ್ತೇನೆ.
ಬೇಸಿನ್ನಿನ ಮುಂದೆ ಕೂರಲು ಅವಳನ್ನು ಬಿಟ್ಟಿಲ್ಲ.
ಹೊಸ್ತಿಲ ಬಳಿ ಕೂತು, ಮೂರು ಚೆಂಡಿನ ಡಬ್ಬಿಯ ಕೊಳವೆಗೆ
ಬಾಯಿಟ್ಟು ಉಸಿರೆಳೆಯುತ್ತಾಳೆ.
ಎರಡು ಏರುತ್ತವೆ. ಮೂರನೆಯದು ಅಲುಗುತ್ತೆ, ಅಷ್ಟೇ.
ನಾನು ಕೈಬಿಟ್ಟು ನೋಡುತ್ತಾ ನಿಲ್ಲುತ್ತೇನೆ.
"ನನ್ನೇನು ನೋಡ್ತೀರಿ, ಅಲ್ಲಿ ಎಳೆ ಹರಿದು ಎಷ್ಟೊತ್ತಾಯ್ತು"
ಅನ್ನುತ್ತಾಳೆ, ನಡುವೆ ಎಲ್ಲೂ ನಿಲ್ಲದೆ.