ಒಂದೇ ಏಳು

ಬೆಳಗಿನ ನಾಲ್ಕಕ್ಕೇ ಬಾಯ್ಲರಿಗೆ ಕಲ್ಲಿದ್ದಲು ತುಂಬಿದವನು ನಾನು.
ಇಪ್ಪತ್ತೆರಡು ವರ್ಷದಿಂದ ಈ ಕಾಲೇಜಿನ ಬೆಂಕಿ ನನ್ನದು,
ಆಟವಿದ್ದ ದಿನ ಅಂಕದ ಹಲಗೆಯೂ ನನ್ನದೇ:
ಮೊಳೆಗೆ ತಗಡಿನ ಅಂಕಿ ನೇತುಹಾಕುವ ಕೆಲಸ.
ಸಂಬಳ ಮಾತ್ರ ಬೆಂಕಿಗೊಂದಕ್ಕೇ.

ಮಿನ್ನೆಸೋಟದಿಂದ ಹುಡುಗಿಯರು ಬರುತ್ತಾರೆ, ವಾಲಿಬಾಲ್ ತಂಡ,
ಸೌಹಾರ್ದ ಪ್ರವಾಸ, ಎಂದರು ಡೀನ್.
ಅಷ್ಟು ದೂರದಿಂದ ನಮ್ಮ ನರೀನ್‌ಗೆ
ಇದುವರೆಗೆ ಬಂದದ್ದು ಗಾಳಿಯೊಂದೇ.
ಗೋಡೆಗೆ ಸುಣ್ಣ ಬಳಿದೆವು, ಕೈಗೆ ಎಟುಕುವಷ್ಟು.

ಬಂದರು. ಒಬ್ಬೊಬ್ಬಳೂ ಬಾಗಿಲಲ್ಲಿ ತಲೆ ತಗ್ಗಿಸಿ.
ಎಂಥ ವಿನಯ, ಅಂದುಕೊಂಡರು ನಮ್ಮವರು.
ಎತ್ತರ, ಅಷ್ಟೇ.
ನಾಯಕಿ ಮಾರ್ನಿ ಹಾಲ್ವರ್ಸನ್, ಮೊಣಕಾಲಿಗೆ ಪಟ್ಟಿ,
ಕುರುತ್ ಉಂಡೆ ಬಾಯಿಗೆ ಹಾಕಿ
ಉಪ್ಪಿಗೆ ಕಣ್ಣು ತುಂಬಿದರೂ ಇನ್ನೊಂದಕ್ಕೆ ಕೈ ಚಾಚಿದಳು.
ಅಂಗಿ ಹಂಚಿದರು, ಎದೆಯ ಮೇಲೆ ಕುಲುಕುವ ಎರಡು ಕೈ.
ನಮ್ಮ ಬುರುಲ್‌ಗೆ ಸಿಕ್ಕಿದ್ದು ಮಂಡಿಯವರೆಗೂ ಕುಲುಕುತ್ತಿತ್ತು.

ನಮ್ಮ ಹುಡುಗಿಯರು ಹತ್ತು, ಬೂಟು ಆರು ಜೊತೆ.
ಹೊರಬರುವವಳು ಗೆರೆಯ ಬಳಿ ಕೂತು ಲೇಸು ಬಿಚ್ಚಬೇಕು,
ಒಳಹೋಗುವವಳು ಅದೇ ಬಿಸಿ ಬೂಟಿಗೆ ಕಾಲು ತೂರಬೇಕು.
ಅಷ್ಟು ಹೊತ್ತೂ ಅಂಪೈರು ಸೂರು ನೋಡುತ್ತಿದ್ದ.
ಮಾರ್ನಿ ಸೂರು ನೋಡಲಿಲ್ಲ.

ಆಮೇಲೆ ಶುರುವಾಯಿತು.
ಅವಳ ಸರ್ವು ನೆಟ್ಟಿಗೆ. ನಮಗೊಂದು ಅಂಕ.
ನಮ್ಮ ಬುರುಲ್, ಕಣ್ಣು ಕಟ್ಟಿದರೂ ಗುರಿ ತಪ್ಪದವಳು,
ಚೆಂಡನ್ನು ಕಿಟಕಿಗೆ ಹೊಡೆದಳು.
ಅತಿಥಿಯನ್ನು ಸೋಲಿಸಬಾರದೆಂದು ಡೀನ್ ಹೇಳಿದ್ದರು;
ಬಡವರನ್ನು ಸೋಲಿಸಬಾರದೆಂದು ಅವರಿಗ್ಯಾರು ಹೇಳಿದ್ದರೋ.
ನೀ ತಗೋ, ನಾ ಒಲ್ಲೆ. ನಾ ಒಲ್ಲೆ, ನೀ ತಗೋ.
ನಾಲ್ಕು ನಾಲ್ಕು. ಐದು ಐದು.
ಜನ ಚಪ್ಪಾಳೆ ತಟ್ಟಿದರು, ಯಾರಿಗೆಂದು ತಿಳಿಯದೆ.
ಮೇಯರು ಆಕಳಿಸಿದರು.
ಮಾಡು ಸುಟ್ಟುಹೋಗುವಷ್ಟು ಕಲ್ಲಿದ್ದಲು ಹಾಕಿದ್ದೆ ನಾನು,
ಆದರೂ ಒಳಗೆ ಥಂಡಿ.

ಆರು ಆರು. ಅವರಿಗೆ ಏಳು.
ನಮಗೂ ಏಳು, ಅಂದ ಅಂಪೈರು.
ನಾನು ಡಬ್ಬ ತಡಕಿದೆ. ಬೋರಲು ಹಾಕಿ ಸುರಿದೆ.
ಒಂದು ಏಳು ಯಾವ ಚಳಿಗಾಲದಲ್ಲೋ
ಯಾರದೋ ಒಲೆಯ ತೂತು ಮುಚ್ಚಲು ಹೋಗಿತ್ತು.
ಎದ್ದು ನಿಂತು ಕೂಗಿದೆ, ಅಂಗಣವೆಲ್ಲ ಕೇಳುವಂತೆ:
ಏಳು ಒಂದೇ ಇದೆ! ಇಬ್ಬರಿಗೂ ಕೊಡಲಾರೆ!

ದುಭಾಷಿ ಹುಡುಗ ಏನು ಹೇಳಬೇಕೆಂದು ತಿಳಿಯದೆ ನಿಂತ.
ಬುರುಲ್ ನೆಟ್ಟಿನಡಿ ನುಸುಳಿ ಆ ಬದಿಗೆ ಹೋದಳು,
ಮಾರ್ನಿಯ ಎದೆಯೆತ್ತರಕ್ಕೆ ಬಂದು ಮುಟ್ಟಿತು ಅವಳ ಹಣೆ.
ತನ್ನ ಬೂಟು ತೋರಿಸಿದಳು. ಬೆರಳಾಡಿಸಿ, ಬೇಡ, ಅಂದಳು.
ಚೆಂಡು ಎತ್ತಿ ಅವಳ ಹೊಟ್ಟೆಗೆ ಒತ್ತಿದಳು,
ಸಂತೆಯಲ್ಲಿ ತೂಕ ತಪ್ಪಿದ ಹಿಟ್ಟನ್ನು ವಾಪಸು ಕೊಡುವ ಹಾಗೆ.

ಮಾರ್ನಿ ಕೆಂಪಾದಳು. ಜಡೆ ಬಿಗಿದುಕೊಂಡಳು.
ಆಮೇಲಿನ ಸರ್ವು ಬಂದದ್ದನ್ನು ನಾನು ಕಾಣಲಿಲ್ಲ,
ಸದ್ದು ಕೇಳಿದೆ.
ನೆಲದ ಹಲಗೆಯೊಂದು ಕಿತ್ತು ಮೇಲೆದ್ದಿತು,
ಬುರುಲ್ ಅದರ ಪಕ್ಕ ಬಿದ್ದಿದ್ದಳು, ಹಲ್ಲು ಬಿಟ್ಟು ನಗುತ್ತಾ.

ಇಪ್ಪತ್ತೈದು ಹನ್ನೊಂದು.
ಚೆನ್ನಾಗಿ ಸೋತೆವು. ಹನ್ನೊಂದರಲ್ಲಿ ಕೊನೆಯ ನಾಲ್ಕು
ಕೇಳಿ ಪಡೆದದ್ದಲ್ಲ, ಕಿತ್ತುಕೊಂಡದ್ದು;
ಒಂದಕ್ಕೆ ಮಾರ್ನಿ ಇಂಗ್ಲಿಷಿನಲ್ಲಿ ಬೈದಳು,
ದುಭಾಷಿ ಅದನ್ನು ‘ಶುಭಾಶಯ’ ಅಂದ.

ಊರ ಪತ್ರಿಕೆ ಬರೆಯಿತು: ಸ್ನೇಹವೇ ಗೆದ್ದಿತು.
ಅಂಕಿ ಇಳಿಸು ಎಂದು ಡೀನ್ ಎರಡು ಸಲ ಹೇಳಿಕಳಿಸಿದರು.
ಏಣಿ ಮುರಿದಿದೆ ಅಂದೆ. ಮುರಿದಿಲ್ಲ.

ಸಂಜೆ ಬಾಯ್ಲರು ಆರಿದ ಮೇಲೂ
ಗೋಡೆಗೆ ಚೆಂಡು ಬಡಿಯುವ ಸದ್ದು ಕೇಳುತ್ತದೆ, ಸುಣ್ಣ ಉದುರುತ್ತದೆ.
ನಾನು ಎದ್ದು ಇನ್ನೊಂದು ಸಲಿಕೆ ಹಾಕುತ್ತೇನೆ.
ತಗಡಿನ ಚೂರೊಂದು ಸಿಕ್ಕಿದೆ, ಬಣ್ಣವೂ ಇದೆ.
ಎರಡನೆಯ ಏಳು ಬರೆಯಬೇಕೋ ಬೇಡವೋ
ಇನ್ನೂ ತೀರ್ಮಾನವಾಗಿಲ್ಲ.