ಯಾರದೋ ಹೆಜ್ಜೆ, ಯಾರದೋ ಲೆಕ್ಕ

ಪೋರ್ಟ್ ಕೆಂಬ್ಲಾದ ಸಮುದಾಯ ಭವನದಲ್ಲಿ
ತಿಂಗಳಿಗೆರಡು ಶನಿವಾರ ನನಗೊಂದು ಮೇಜು.
ಎಡಕ್ಕೆ ಟೋಸ್ಟರ್ ಬಿಚ್ಚುವವರು,
ಬಲಕ್ಕೆ ಹರಿದ ಕೋಟು ಹೊಲಿಯುವವರು,
ನಡುವೆ ನಾನು, ಕೈಗಡಿಯಾರದ ಪಂಕಜಾಕ್ಷಿ.
ರಟ್ಟಿನ ಮೇಲೆ ಯಾರೋ ಹೆಸರು ಬರೆದಿಟ್ಟಿದ್ದಾರೆ,
ಎರಡು ಅಕ್ಷರ ನುಂಗಿ.

ತುಮಕೂರಿನ ಫ್ಯಾಕ್ಟರಿಯಲ್ಲಿ ಹದಿನೆಂಟು ವರ್ಷ
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು
ಕೂದಲೆಳೆಯಂಥ ಸ್ಪ್ರಿಂಗು ಕೂರಿಸಿದ ಕೈ ಇದು.
ಆ ಗಡಿಯಾರಗಳಿಗೆ ತಿರುಪಿತ್ತು, ಬೆನ್ನಿಗೆ ಮುಚ್ಚಳವಿತ್ತು,
ಕೀ ಕೊಟ್ಟರೆ ಓಡುತ್ತಿದ್ದವು, ಮರೆತರೆ ಮುನಿಸು.
ಇವಕ್ಕೆ ತಿರುಪೇ ಇಲ್ಲ.
ಅಂಟು ಮೆತ್ತಿ ಮುಚ್ಚಿ ಕಳಿಸಿದ್ದಾರೆ,
ಇನ್ನು ಯಾರೂ ಇಣುಕಕೂಡದು ಅನ್ನುವ ಹಾಗೆ.

ಅದಕ್ಕೇ ತಲೆಗೂದಲು ಒಣಗಿಸುವ ಬಿಸಿಗಾಳಿ,
ಗಿಟಾರು ಮೀಟುವ ಪ್ಲಾಸ್ಟಿಕ್ ಬಿಲ್ಲೆ,
ಜೊತೆಗೆ ಒಂದಿಷ್ಟು ಬೈಗುಳ, ಕನ್ನಡದ್ದು;
ಇಲ್ಲಿ ಯಾರಿಗೂ ಬೇಜಾರಾಗುವುದಿಲ್ಲ.
ಬ್ಯಾಟರಿ ಉಬ್ಬಿದ್ದರೆ ಮಾತ್ರ ಬಾಯಿ ಮುಚ್ಚಿಕೊಂಡು
ಮೆಲ್ಲಗೆ ಎತ್ತಿ ಮರಳಿನ ಬಕೆಟ್ಟಿಗೆ.
ನೋಡಲು ಎಣ್ಣೆಯಿಂದೆದ್ದ ಪುಟ್ಟ ಪೂರಿ,
ಚುಚ್ಚಿದರೆ ಬೆಂಕಿ.

ಮಾರ್ಚಿನಲ್ಲಿ ನೋಯೆಲ್ ಹ್ಯಾನ್ರಹನ್ ಬಂದ.
ಜಿಗಣೆ ಕಿತ್ತ ಹಾಗೆ ಮಣಿಕಟ್ಟಿನಿಂದ ಪಟ್ಟಿ ಕಿತ್ತು
ಮೇಜಿನ ಮೇಲೆ ಹಾಕಿದ.
"ಗಂಟೆಗೊಮ್ಮೆ ನಡುಗುತ್ತೆ. ಏಳು, ನಡೆ ಅನ್ನುತ್ತೆ.
ಮೂವತ್ತೊಂದು ವರ್ಷ ಕುಲುಮೆ ಎದುರು ನಿಂತವನಿಗೆ!
ಮೊಣಕಾಲು ಹೋಯ್ತು ಅಂತ
ಇದಕ್ಕೆ ತಿಳಿಸಿ ಹೇಳೋರು ಯಾರು?"

ಕೆಟ್ಟಿರಲಿಲ್ಲ ಅದು. ಬೇಡವಾಗಿತ್ತು, ಅಷ್ಟೆ.
ಪಟ್ಟಿಯ ಸಂದಿನಲ್ಲಿ ಬೆವರು, ಕಪ್ಪು ಕಿಟ್ಟ;
ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೊಳೆದು
ಡಬ್ಬಿಯಲ್ಲಿಟ್ಟೆ.

ಎರಡು ವಾರಕ್ಕೆ ಮೆರಿನ್ ಟಾಸ್ಕರ್.
ಕಿವಿ ಕೇಳದ ಹುಡುಗಿ, ಬೇಕರಿ ಕೆಲಸ,
ಮೂರಕ್ಕೆ ಕಾಲು ಗಂಟೆ ಇರುವಾಗ ಏಳಬೇಕು.
ದಿಂಬಿನಡಿ ಅದುರುತ್ತಿದ್ದ ಅಲಾರಾಂ ಸತ್ತಿತ್ತು.
ಬಿಚ್ಚಿ ನೋಡಿದೆ, ಒಳಗೆಲ್ಲ ತುಕ್ಕು;
ತಲೆಯಾಡಿಸಿದೆ.
ಆಮೇಲೆ ಡಬ್ಬಿಯ ನೆನಪಾಗಿ
ನೋಯೆಲನ ಪಟ್ಟಿಯನ್ನು ಅವಳ ಕೈಗೆ ಕಟ್ಟಿ ನಡುಗಿಸಿದೆ.
ಅವಳ ಹುಬ್ಬು ಎದ್ದಿತು,
ಬೆನ್ನ ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದ ಹಾಗೆ.

ಇದೇ ಗದರಿಕೆ, ಒಬ್ಬನಿಗೆ ಕಾಟ.

ಅವಸರದಲ್ಲಿ ಒಂದು ಮರೆತೆ.
ಹಳೆಯದನ್ನು ಅಳಿಸಲಿಲ್ಲ.

ಮೇ ತಿಂಗಳಲ್ಲಿ ನೋಯೆಲ್ ಮತ್ತೆ, ಊರುಗೋಲು ಸಮೇತ.
ಫೋನು ಮೂಗಿಗೆ ಹಿಡಿದ:
"ನೋಡಮ್ಮ, ಬೆಳಿಗ್ಗೆ ಏಳಕ್ಕೇ ಹನ್ನೊಂದು ಸಾವಿರ ಹೆಜ್ಜೆಯಂತೆ.
ಶಾಭಾಸ್ ಅನ್ನುತ್ತೆ. ಪದಕ ಬೇರೆ.
ನಾನು ಬ್ರೆಡ್ಡಿನ ಸಾಲಲ್ಲಿ ನಿಂತವನು,
ಗೋಡೆಗೆ ಒರಗಿ!"

ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.
ಕಟ್ಟೆಯ ಆಚೆ ಅವಳು, ಈಚೆ ಇವನು,
ಜೇಬಿನೊಳಗಿನ ಫೋನು ಹಳೇ ಗೆಳೆಯನ ಗುರುತು ಹಿಡಿದು
ಸುಮ್ಮನೆ ಲೆಕ್ಕ ಬರೆದುಕೊಳ್ಳುತ್ತಿತ್ತು:
ಹಿಟ್ಟಿನ ಮೂಟೆಯಿಂದ ನಾದುವ ಮೇಜಿಗೆ,
ಮೇಜಿನಿಂದ ಒಲೆಗೆ, ಒಲೆಯಿಂದ ಕಪಾಟಿಗೆ,
ಅವಳು ಸವೆಸಿದ ನಸುಕೆಲ್ಲ
ಇವನ ಖಾತೆಗೆ ಜಮೆ.

ನಾಚಿಕೆಯಾಯಿತು. ತಪ್ಪು ನನ್ನದು,
ಈಗಲೇ ಅಳಿಸುತ್ತೇನೆ ಅಂದೆ.
ನೋಯೆಲ್ ಫೋನನ್ನು ಎದೆಗವಚಿಕೊಂಡ.
"ಶುಕ್ರವಾರದ ತನಕ ಇರಲಿ.
ಫಿಸಿಯೋಥೆರಪಿಯ ಹುಡುಗನಿಗೆ ತೋರಿಸಬೇಕು.
ಅವನದು ವಾರವಾರವೂ ಒಂದೇ ರಾಗ."

ನಾನು ಹೂಂ ಅನ್ನಲಿಲ್ಲ. ಹೆಜ್ಜೆ ಅವಳದಲ್ಲವೆ?
ಬೇಕರಿಗೆ ಹೋಗಿ ಎಲ್ಲ ಬರೆದು ತೋರಿಸಿದೆ.
ಮೆರಿನ್ ಓದಿದಳು, ಕಟ್ಟೆ ಹಿಡಿದು ಬಗ್ಗಿ ನಕ್ಕಳು,
ಹಿಟ್ಟಿನ ಬೆರಳಲ್ಲಿ ಅದೇ ಚೀಟಿಯ ಕೆಳಗೆ ಗೀಚಿದಳು:
ಶುಕ್ರವಾರ. ಶನಿವಾರ ಮುಟ್ಟಿದರೆ ಬ್ರೆಡ್ಡಿಲ್ಲ.

ಈ ತಿಂಗಳು ಹತ್ತೊಂಬತ್ತು ಬಂದವು, ಆರು ಉಸಿರಾಡಿದವು.
ಉಳಿದವು ತಗಡಿನ ಪೆಟ್ಟಿಗೆಯಲ್ಲಿ,
ತಾಮ್ರ ಒಂದು ಕಡೆ, ಚೂರು ಬಂಗಾರ ಇನ್ನೊಂದು ಕಡೆ ಮಾಡುವವರ
ವ್ಯಾನು ಕಾಯುತ್ತಿವೆ.
ಅವುಗಳಲ್ಲಿ ಯಾರ ಓಟ, ಯಾರ ನಿದ್ದೆ, ಯಾರ ಎದೆಬಡಿತ,
ಕೇಳಲು ಹೋಗುವುದಿಲ್ಲ ನಾನು.

ರಾತ್ರಿ ದೀಪ ಆರಿಸುವ ಮುಂಚೆ
ನನ್ನ ಹಳೇ ಗಡಿಯಾರಕ್ಕೆ ಕೀ ಕೊಡುತ್ತೇನೆ.
ದಿನಕ್ಕೆ ನಾಲ್ಕು ನಿಮಿಷ ಹಿಂದೆ.
ನನ್ನ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.